ರುಜು ಹುಡುಕುತ್ತಾ ತರೀಕೆರೆಗೆ

ತರೀಕೆರೆ
ಸೋಮವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ, ಒಲೆ ಮೇಲೆ ಸಾರು ಉಕ್ಕುತ್ತಿತ್ತು. ಬರುವ ಮೇ ಕೊನೆಗೆ ಶಾಲೆಯ ಹಾಜರಿ ಪುಸ್ತಕದಿಂದ ಹೆಸರು ಹೋದರೆ ಆಮೇಲೆ ಹೊತ್ತು ಹೇಗೆ ಕಳೆಯುವುದು ಅಂತ ತಾನೇ ನಿನ್ನ ಚಿಂತೆ? ಈಗ ಬಿಡುವಾಗಿದೆ, ಬರೆಯುತ್ತೇನೆ. ನಿನ್ನ ಭಾವ ಲಾಡ್ಜಿನ ಟಿವಿಯಲ್ಲಿ ಕ್ರಿಕೆಟ್ ಹಾಕಿಕೊಂಡಿದ್ದಾರೆ. ಮ್ಯಾಚು ಮುಗಿಯುವವರೆಗೆ ನನ್ನನ್ನು ಕೇಳುವವರಿಲ್ಲ.

ಇವತ್ತು ಅಮೃತಾಪುರ ನೋಡಿದೆವು. ಇಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸು. ಊರು ಸಣ್ಣದು, ಗುಡಿ ದೊಡ್ಡದು. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿ ತನ್ನ ಹೆಸರಿನ ಶಿವನನ್ನೇ ಕೂರಿಸಿದ. ಬೇಲೂರು ಹಳೇಬೀಡಿನ ಗದ್ದಲ ಇಲ್ಲಿಲ್ಲ. ನಾವು ಹೋದಾಗ ಅರ್ಚಕರು, ನಾವಿಬ್ಬರು, ಮಂಟಪದಲ್ಲಿ ಮಲಗಿದ್ದ ಒಂದು ನಾಯಿ, ಅಷ್ಟೇ. ಮುಖಮಂಟಪದ ಹತ್ತಿರ ಆಳೆತ್ತರಕ್ಕೂ ಮೀರಿದ ಶಾಸನದ ಕಲ್ಲು ನಿಂತಿದೆ. ಅದರ ಪದ್ಯಗಳನ್ನು ಬರೆದವನು ಜನ್ನ, ನೀನು ಮಕ್ಕಳಿಗೆ ಯಶೋಧರ ಚರಿತೆ ಬರೆದವನೆಂದು ಬಾಯಿಪಾಠ ಮಾಡಿಸುತ್ತೀಯಲ್ಲ, ಅದೇ ಜನ್ನ.

ಹೊರಗೋಡೆಯ ಮೇಲಿನ ರಾಮಾಯಣ ಒಂದು ತಮಾಷೆ. ಸಾಮಾನ್ಯವಾಗಿ ಗುಡಿಗಳಲ್ಲಿ ಕಥೆ ಪ್ರದಕ್ಷಿಣೆಯಾಗಿ ನಡೆಯುತ್ತದೆ, ಇಲ್ಲಿ ದಕ್ಷಿಣದ ಗೋಡೆಯಲ್ಲಿ ರಾಮ ಅಪ್ರದಕ್ಷಿಣೆಯಾಗಿ ಕಾಡಿಗೆ ಹೋಗುತ್ತಾನೆ. ಕಥೆ ಹಿಡಿದು ಓದಬೇಕಾದರೆ ನಾವೂ ಹಾಗೆಯೇ ಸುತ್ತಬೇಕು. ನಿನ್ನ ಭಾವನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ತಮ್ಮ ಪಾಡಿಗೆ ಬಲಕ್ಕೆ ಸುತ್ತಿದರು, ನಾನು ಎಡಕ್ಕೆ. ಪ್ರತಿ ಸುತ್ತಿಗೂ ಎದುರುಬದುರಾಗಿ ಸಿಕ್ಕು ‘ಊಟ ಎಷ್ಟು ಹೊತ್ತಿಗೆ?’ ಎಂದು ಕೇಳುತ್ತಿದ್ದರು.

ನಾನು ಹೋದದ್ದು ಮಾತ್ರ ರಾಮಾಯಣಕ್ಕಲ್ಲ, ಒಬ್ಬ ರೂವಾರಿಗಾಗಿ. ಅವನ ಹೆಸರು ಮಲ್ಲಿತಮ್ಮ. ಹೆಂಗಸೆಂದುಕೊಳ್ಳಬೇಡ, ಗಂಡಸೇ. ಈ ಅಮೃತಾಪುರದ ಕೆಲಸದಲ್ಲಿ ಅವನ ಹೆಸರು ಸಿಗುತ್ತದೆ. ಅರಸೀಕೆರೆಯ ಪಕ್ಕದ ಹಾರನಹಳ್ಳಿಯಲ್ಲಿ 1230ರ ದಶಕದಲ್ಲಿ ಕಟ್ಟಿದ ಗುಡಿಯಲ್ಲೂ ಸಿಗುತ್ತದೆ. 1246ರ ನುಗ್ಗೇಹಳ್ಳಿಯಲ್ಲಿ ಉತ್ತರದ ಕಡೆಯದೆಲ್ಲ ಅವನ ಪಾಲು, ದಕ್ಷಿಣದ ಕಡೆ ನಂದಿಯ ಬೈಚೋಜನದು. ಕೊನೆಗೆ ಸೋಮನಾಥಪುರ, 1268. ಅಲ್ಲಿ ರುಜು ಹಾಕಿದ ಶಿಲ್ಪಿಗಳ ಪೈಕಿ ಎಲ್ಲರಿಗಿಂತ ಹೆಚ್ಚು ವಿಗ್ರಹ ಇವನವೇ. ಕೆಲವು ಕಡೆ ಪೂರ್ತಿ ಹೆಸರು ಬರೆಯುವಷ್ಟು ವ್ಯವಧಾನವೂ ಅವನಿಗಿಲ್ಲ, ‘ಮಲ್ಲಿ’ ಎಂದೋ ಬರೀ ‘ಮ’ ಎಂದೋ ಕೆತ್ತಿ ಮುಂದಿನ ಕಲ್ಲಿಗೆ ಹೋಗಿಬಿಟ್ಟಿದ್ದಾನೆ. ಅದನ್ನು ನೋಡಿದಾಗ ನನಗೆ ನಗು ಬಂತು. ವೋಚರುಗಳ ರಾಶಿಯ ಮುಂದೆ ನಾವೂ ಇನಿಶಿಯಲ್ ಹಾಕುತ್ತಿದ್ದುದು ಹೀಗೆಯೇ.

ಬ್ಯಾಂಕಿನಲ್ಲಿ ನನ್ನ ಜೀವಮಾನವೆಲ್ಲ ಕಳೆದದ್ದು ರುಜು ನೋಡುವುದರಲ್ಲಿ ಅಂತ ನಿನಗೆ ಗೊತ್ತು. ಎಡಗೈಯಲ್ಲಿ ಚೆಕ್ಕು, ಬಲಗೈಯಲ್ಲಿ ಸ್ಪೆಸಿಮನ್ ಕಾರ್ಡು. ಬಾಲ ಮೇಲಕ್ಕೆ ಹೋಗಿದೆಯೋ ಕೆಳಕ್ಕೋ, ಚುಕ್ಕಿ ಎರಡಿದೆಯೋ ಒಂದೋ. ಆಮೇಲೆ ಕಂಪ್ಯೂಟರ್ ಬಂದು ಕಾರ್ಡು ಪರದೆಯ ಮೇಲೆ ಕಾಣತೊಡಗಿತು, ಕತ್ತು ನೋವು ಮಾತ್ರ ಅದೇ. ನಿವೃತ್ತಿಯಾದ ಮೇಲೆ ಮೊದಲ ಕೆಲವು ತಿಂಗಳು ಏನು ಮಾಡಿದೆನೆಂದು ಕೇಳಬೇಡ. ನಿದ್ದೆ ಮಾಡಿದೆ. ಅದಕ್ಕೆ ಯಾರೂ ಬೇಜಾರು ಪಟ್ಟುಕೊಳ್ಳಬೇಕಾಗಿಲ್ಲ, ನೀನೂ ಮಾಡು. ಆಮೇಲೆ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಶಾಸನಶಾಸ್ತ್ರದ ಡಿಪ್ಲೊಮಾ ತರಗತಿಗೆ ಸೇರಿದೆ. ಅಲ್ಲಿ ನನ್ನ ಹಾಗೆ ತಲೆ ನರೆತವರು ಬೇಕಾದಷ್ಟು ಜನ ಇದ್ದರು. ಪರೀಕ್ಷೆಯ ಹಿಂದಿನ ದಿನ ಎಲ್ಲರಿಗೂ ಹೈಸ್ಕೂಲಿನ ಹುಡುಗರ ಹಾಗೆ ಹೊಟ್ಟೆ ಕಲಕುವುದನ್ನು ನೀನು ನೋಡಬೇಕಿತ್ತು.

ಕಲಿಯುವುದು ಅಂಥಾ ಕಷ್ಟವೇನಲ್ಲ, ನಿನಗಂತೂ ಸಲೀಸು. ಹೊಯ್ಸಳರ ಕಾಲದ ಅಕ್ಷರ ಈಗಿನ ಕನ್ನಡಕ್ಕೆ ಹತ್ತಿರದ ನೆಂಟ. ಮ ಮತ್ತು ವ ಒಂದನ್ನೊಂದು ಹೋಲಿ ಕಾಡುತ್ತವೆ. ಎತ್ವ ಒತ್ವಗಳಿಗೆ ದೀರ್ಘದ ಗುರುತಿಲ್ಲ, ಓದುವವರೇ ಊಹಿಸಿಕೊಳ್ಳಬೇಕು. ದೀರ್ಘ ಬಿಟ್ಟರೆ ಅರ್ಧ ಅಂಕ ಕಳೆಯುವ ನೀನು ಆ ಕಾಲದಲ್ಲಿದ್ದಿದ್ದರೆ ಹೊಯ್ಸಳ ರಾಜ್ಯದಲ್ಲಿ ಒಬ್ಬರೂ ಪಾಸಾಗುತ್ತಿರಲಿಲ್ಲ.

ನುಗ್ಗೇಹಳ್ಳಿಯಲ್ಲಿ ಒಂದು ರುಜು ಓದಿದ್ದು ಹೇಳುತ್ತೇನೆ. ವಿಗ್ರಹದ ಕಾಲಡಿಯ ಪೀಠದ ಅಂಚಿನಲ್ಲಿ ಬೆರಳಗಲದ ಜಾಗ, ಅದರೊಳಗೆ ಸಾಲು. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ, ಬರೀ ಕಪ್ಪು ಕಲ್ಲು. ಟಾರ್ಚನ್ನು ಗೋಡೆಗೆ ತಾಗಿಸುವಷ್ಟು ಹತ್ತಿರ ತಂದು ಪಕ್ಕದಿಂದ ಓರೆಯಾಗಿ ಬೆಳಕು ಬಿಡಬೇಕು. ಆಗ ಗೀರುಗಳೊಳಗೆ ನೆರಳು ತುಂಬಿ ಒಂದೊಂದೇ ಅಕ್ಷರ ಎದ್ದು ಬರುತ್ತದೆ. ಮೊದಲು ಲ್ಲಿಯ ಒತ್ತು ಸಿಕ್ಕಿತು. ಅದರ ಹಿಂದಿನದು ವ ಇರಬಹುದೆಂದು ತಡವರಿಸಿ, ಟಾರ್ಚು ಆ ಕಡೆಗೆ ತಿರುಗಿಸಿದ ಮೇಲೆ ಮ ಆಯಿತು. ತ, ಆಮೇಲೆ ಮ್ಮ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡು ಗಟ್ಟಿಯಾಗುತ್ತದೆ. ಅದಕ್ಕೇ ವಿಗ್ರಹದ ಕೊರಳ ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸಲು ಅವರಿಗೆ ಸಾಧ್ಯವಾಯಿತು. ಅಷ್ಟು ನಾಜೂಕಿನ ಮಣಿ ಬಿಡಿಸಿದ ಕೈ ತನ್ನ ಹೆಸರನ್ನು ಮಾತ್ರ ಸೊಟ್ಟಗೆ ಗೀಚಿದೆ. ಅಕ್ಷರ ಕಾಣಲಿ ಎಂದು ಕೆಲವರು ಸೀಮೆಸುಣ್ಣ ಉಜ್ಜುತ್ತಾರೆ, ಹಿಟ್ಟು ಬಳಿಯುತ್ತಾರೆ. ಎಂಥ ಅನ್ಯಾಯ! ಟಾರ್ಚೊಂದು ಸಾಕು, ಕಲ್ಲಿಗೆ ಬೆರಳು ತಾಗಬೇಕಾಗಿಯೇ ಇಲ್ಲ.

ಈಗ ಲೆಕ್ಕ ಹಾಕು. ಅಮೃತಾಪುರದಿಂದ ಸೋಮನಾಥಪುರಕ್ಕೆ ಎಪ್ಪತ್ತೆರಡು ವರ್ಷ. ಹುಡುಗನಾಗಿ ಇಲ್ಲಿ ಉಳಿ ಹಿಡಿದನೆಂದರೂ ಅಲ್ಲಿ ಅವನ ವಯಸ್ಸು ತೊಂಬತ್ತರ ಸಮೀಪ. ಒಬ್ಬನೇ ಮಲ್ಲಿತಮ್ಮನೋ, ತಾತನ ಹೆಸರನ್ನು ಮೊಮ್ಮಗನಿಗಿಟ್ಟರೋ? ನಮ್ಮ ಮನೆಯಲ್ಲೇ ಅಜ್ಜನ ಹೆಸರಿನವರು ಮೂವರಿಲ್ಲವೇ! ಕೆಲವು ವಿದ್ವಾಂಸರು ಒಬ್ಬನೇ ಎಂಬಂತೆ ಬರೆಯುತ್ತಾರೆ, ಅಮೃತಾಪುರದಲ್ಲಿ ಅವನ ವೃತ್ತಿ ಆರಂಭವಾಯಿತು ಎನ್ನುತ್ತಾರೆ. ಒಬ್ಬನೇ ಆಗಿದ್ದರೆ ಅವನಿಗೆ ಅರವತ್ತಕ್ಕೆ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿದವರು ಯಾರೂ ಇರಲಿಲ್ಲ. ನನ್ನ ಹಾಗೆ ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆಂದು ಪ್ರಮಾಣಪತ್ರ ಕೊಡುವ ಕಾಟವೂ ಇರಲಿಲ್ಲ.

ಹಿಂದಿನ ನಾನಾಗಿದ್ದರೆ ‘ಸಿಗ್ನೇಚರ್ ಡಿಫರ್ಸ್’ ಎಂದು ಚೀಟಿ ಅಂಟಿಸಿ ಸಂಜೆಯೊಳಗೆ ವಾಪಸು ಕಳಿಸುತ್ತಿದ್ದೆ. ಈಗ ಆ ಅವಸರವಿಲ್ಲ. ನಾಲ್ಕೂ ಊರಿನ ಫೋಟೋಗಳನ್ನು ಒಂದು ಕಡತದಲ್ಲಿಟ್ಟುಕೊಂಡಿದ್ದೇನೆ. ತ ಬರೆಯುವ ರೀತಿ ಬೇರೆ ಬೇರೆ ಇದ್ದ ಹಾಗೆ ಒಂದು ದಿನ ಕಾಣುತ್ತದೆ, ಮಾರನೇ ದಿನ ಎಲ್ಲ ಒಂದೇ ಕೈಯೆನಿಸುತ್ತದೆ. ಬಾಕಿ ಉಳಿದರೆ ಉಳಿಯಲಿ, ಇನ್‌ಸ್ಪೆಕ್ಷನ್‌ಗೆ ಯಾರು ಬರುತ್ತಾರೆ? ನಿನಗೆ ಹೇಳಬೇಕಾದದ್ದು ಇದೇ ಪುಟ್ಟಿ. ಕೈಗೆ ಕೆಲಸ ಬೇಕು ಸರಿ, ಅದು ಮುಗಿಯಲೇಬೇಕೆಂಬ ಹಟ ಈಗ ಯಾಕೆ?

ಮುಗಿಸಿದವರೂ ಇದ್ದಾರೆ ಬಿಡು, ಅವರ ಗಟ್ಟಿತನ ಬೇರೆ. ಎಪಿಗ್ರಾಫಿಯಾ ಕರ್ನಾಟಿಕಾದ ಶಾಸನ ಸಂಪುಟಗಳನ್ನು ತಂದ ರೈಸ್ ಸಾಹೇಬರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಹೋಗಿಯೂ ಸುಮ್ಮನಿರದೆ, ಶಾಸನಗಳನ್ನಾಧರಿಸಿ ಮೈಸೂರು-ಕೊಡಗಿನ ಇತಿಹಾಸ ಬರೆದು 1909ರಲ್ಲಿ ಅಚ್ಚು ಹಾಕಿಸಿದರು. ಅವರ ಜಾಗಕ್ಕೆ ಬಂದ ಆರ್. ನರಸಿಂಹಾಚಾರ್ಯರು 1922ರಲ್ಲಿ ಕೆಲಸ ಬಿಟ್ಟರು. ನಿನ್ನ ಬೀರುವಿನಲ್ಲಿರುವ ಕವಿಚರಿತೆಯ ಮೂರನೇ ಸಂಪುಟ ಬಂದದ್ದು 1929ರಲ್ಲಿ. ಸಂಬಳ ನಿಂತ ಮೇಲಿನ ಕೆಲಸ ಅದು.

ನೀನು ಶಾಸನವನ್ನೇ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ವೀಣೆ ಅಟ್ಟದ ಮೇಲಿದೆಯಲ್ಲ, ಅದನ್ನಾದರೂ ಇಳಿಸು. ಆದರೆ ‘ಟ್ಯೂಷನ್ ಹೇಳಿಕೊಡುತ್ತೇನೆ’ ಎಂದೆಯಲ್ಲ, ಅದು ಬೇಡ. ಅಲ್ಲಿಗೆ ಶಾಲೆ ಮನೆಯೊಳಗೆ ಬಂದ ಹಾಗಾಯಿತು.

ಖರ್ಚು ಕೇಳುತ್ತೀಯ ಅಂತ ಗೊತ್ತು. ಸರ್ಕಾರಿ ಬಸ್ಸಿಗೆ ಹೆಂಗಸರಿಗೀಗ ದುಡ್ಡಿಲ್ಲವಲ್ಲ, ಶಕ್ತಿ ಯೋಜನೆ ಇದೆ. ನಿನ್ನ ಭಾವನಿಗೆ ಮಾತ್ರ ಟಿಕೆಟ್ಟು. ಕಂಡಕ್ಟರ್ ಬಂದಾಗಲೆಲ್ಲ ಅವರು ನನ್ನ ಮುಖ ನೋಡುತ್ತಾರೆ. ಬಸ್ಸು ಹೋಗದ ಹಳ್ಳಿಗೆ ಆಟೋ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತೇನೆ, ಕೂತು ಏಳುವುದೇ ಈ ಹವ್ಯಾಸದ ದೊಡ್ಡ ಪೀಡೆ. ಶಿಲ್ಪಿಗಳೇನೋ ಕಾಲಡಿಯಲ್ಲಿ ರುಜು ಹಾಕಿ ಹೋದರು, ಅದನ್ನು ಓದಲು ಅರವತ್ತು ದಾಟಿದವಳು ಬರುತ್ತಾಳೆಂದು ಅವರಿಗೇನು ಗೊತ್ತು.

ಜೂನಿನಲ್ಲಿ ಮಲೆನಾಡು ಬೇಡ, ಮಳೆ. ಸೋಮನಾಥಪುರಕ್ಕೆ ಹೋಗೋಣ, ಮೈಸೂರಿನಲ್ಲಿ ನೀನು ಸೇರಿಕೋ. ಒಳ್ಳೆಯ ಟಾರ್ಚೊಂದನ್ನು ನಿನ್ನ ಬೀಳ್ಕೊಡುಗೆಗೆ ನಾನೇ ಕೊಡುತ್ತೇನೆ. ಸಹೋದ್ಯೋಗಿಗಳು ಹೇಗೂ ಗೋಡೆ ಗಡಿಯಾರ ಕೊಡುತ್ತಾರೆ.

ಗುಡಿ ನೋಡಿ ನೋಡಿ ಸಾಕಾಯಿತು, ನಾಳೆ ಜಲಪಾತಕ್ಕೆ ಹೋಗಲೇಬೇಕೆಂದು ನಿನ್ನ ಭಾವ ಕೂತಿದ್ದಾರೆ. ಕಲ್ಲತ್ತಗಿರಿಗೆ ಹೋಗುವುದೆಂದು ತೀರ್ಮಾನವಾಗಿದೆ. ಅಲ್ಲಿ ನೀರಿನ ಪಕ್ಕದಲ್ಲೇ ವೀರಭದ್ರನ ಗುಡಿಯಿದೆ ಎಂಬುದನ್ನು ಅವರಿಗೆ ಇನ್ನೂ ಹೇಳಿಲ್ಲ.

ನಿನ್ನ,
ಅಕ್ಕ