ಮಾಡೆಲ್ ರೈಲು ಜಗ್ಗಿದರೆ ಮೊದಲು ಅದರ ದೀಪ ನೋಡಿ

ನಮ್ಮ ದೊಡ್ಡಪ್ಪ ಸಕಲೇಶಪುರ ಘಾಟಿಯಲ್ಲಿ ಮೀಟರ್ ಗೇಜ್ ಇದ್ದ ಕಾಲಕ್ಕೆ ಡೀಸೆಲ್ ಎಂಜಿನ್ ಓಡಿಸಿದವರು. 50 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ಹಳಿ ಅದು. ಗಾಡಿ ಹೊರಡುವಾಗ ಕೂತವರ ಲೋಟದ ಕಾಫಿ ತುಳುಕಬಾರದು ಅನ್ನೋದು ಅವರ ಲೆಕ್ಕ.

ಇಂಥವರಿಗೆ ಜರ್ಮನಿಯಲ್ಲಿರುವ ಮಗ ಒಂದು ಹಳೇ ಮಾಡೆಲ್ ರೈಲು ತಂದುಕೊಟ್ಟಿದ್ದ. ಎಚ್‌ಒ ಅಳತೆಯದು. ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನೋಡೋಕೆ ಚೆಂದ, ಓಡಿಸಿದರೆ ಬೆದರಿದ ಕರು ಥರ ಎಗರಿ ಹೊರಡುತ್ತಿತ್ತು. "ಇದು ರೈಲಲ್ಲ ಕಣಮ್ಮ, ಮಿಡತೆ" ಅಂತ ದೊಡ್ಡಪ್ಪ ಅದನ್ನು ಡಬ್ಬಿಗೆ ಹಾಕಿ ಅಟ್ಟ ಸೇರಿಸಿದ್ದರು.

ಎಗರೋದಕ್ಕೆ ಕಾರಣ ಇದೆ. ಹಳೇ ಪದ್ಧತಿಯಲ್ಲಿ ಹಳಿಗೆ 0ಯಿಂದ 12 ವೋಲ್ಟ್‌ವರೆಗೆ ಕರೆಂಟು ಬಿಡುತ್ತಾರೆ. ವೋಲ್ಟ್ ಜಾಸ್ತಿಯಾದಷ್ಟೂ ವೇಗ ಜಾಸ್ತಿ. ಆದರೆ ನಿಂತ ಮೋಟರು ಕಡಿಮೆ ವೋಲ್ಟಿಗೆ ಅಲ್ಲಾಡುವುದಿಲ್ಲ. ಗುಂಡಿ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ತಟ್ಟನೆ ಬಿಡಿಸಿಕೊಂಡು ಓಡುತ್ತದೆ.

ಇದಕ್ಕೆ ಈಗಿನ ಮದ್ದು ಡಿಸಿಸಿ. ಜರ್ಮನಿಯ ಲೆನ್ಸ್ ಕಂಪನಿಯ ಕೆಲಸದಿಂದ ಹುಟ್ಟಿದ ಈ ಪದ್ಧತಿಯನ್ನು 1990ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಮಾನದಂಡವಾಗಿ ಒಪ್ಪಿಕೊಂಡಿತು. ಇಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟು ಇರುತ್ತದೆ. ಅದರ ಜೊತೆಗೇ ಸಂದೇಶವೂ ಹರಿಯುತ್ತದೆ. ಎಂಜಿನ್ ಒಳಗಿನ ಡೀಕೋಡರ್ ಅನ್ನೋ ಪುಟ್ಟ ಚಿಪ್ಪು ತನ್ನ ನಂಬರಿಗೆ ಬಂದ ಸಂದೇಶ ಮಾತ್ರ ಕೇಳಿಸಿಕೊಂಡು ಮೋಟರಿಗೆ ಚಿಕ್ಕಚಿಕ್ಕ ತುಣುಕಾಗಿ ಕರೆಂಟು ಕೊಡುತ್ತದೆ. ನಡುನಡುವೆ ಕರೆಂಟು ನಿಲ್ಲಿಸಿ, ತಿರುಗುತ್ತಿರುವ ಮೋಟರೇ ಹುಟ್ಟಿಸುವ ವೋಲ್ಟ್ ಅಳೆದು ವೇಗ ತಿಳಿಯುತ್ತದೆ. ಕಡಿಮೆಯಿದ್ದರೆ ಇನ್ನಷ್ಟು ಕೊಡುತ್ತದೆ.

ಮಗ ಈ ಸಲ ರಜೆಗೆ ಬಂದಾಗ ಕಂಟ್ರೋಲರ್ ಜೊತೆ ಒಂದೇ ಒಂದು ಡೀಕೋಡರ್ ತಂದ. ಅದನ್ನು ಕೂರಿಸುವ ಮೊದಲೇ ವಾಪಸ್ ಹೋದ. ಸುಟ್ಟರೆ ಮುಂದಿನ ರಜೆವರೆಗೆ ಕಾಯಬೇಕು. "ಮುಂದಿನ ರಜೆಗೆ ನನ್ನ ಕೈ ಇನ್ನೆಷ್ಟು ನಡುಗುತ್ತೋ" ಅಂದರು ದೊಡ್ಡಪ್ಪ. ನಮ್ಮೂರ ಪೇಟೆಯ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಹೋದೆವು. ಬೆಸುಗೆ ಹಾಕೋದರಲ್ಲಿ ಅವನದು ಒಳ್ಳೆ ಕೈ. "ಹಾಕ್ತೀನಿ ಅಕ್ಕ, ಸುಟ್ಟರೆ ನನ್ನ ಕೇಳಬೇಡಿ" ಅಂದ.

ಹಾಗಾಗಿ ಹಾಕುವ ಮೊದಲೇ ಎರಡು ಪರೀಕ್ಷೆ ಮಾಡಿದೆವು.

ಮೊದಲನೆಯದು, ಮೋಟರು ಬೇರೆಯಾಗಿದೆಯಾ ಅಂತ. ಹಳೇ ಎಂಜಿನ್‌ಗಳಲ್ಲಿ ಮೋಟರಿನ ಒಂದು ಕಾರ್ಬನ್ ಬ್ರಷ್ ನೇರ ಲೋಹದ ಮೈಗೆ ತಾಗಿರುವುದುಂಟು. ಆ ಮೈ ಚಕ್ರದ ಮೂಲಕ ಹಳಿಗೆ ಸೇರಿರುತ್ತದೆ. ಹಾಗೇ ಚಿಪ್ಪು ಜೋಡಿಸಿದರೆ ಹಳಿಯ ಕರೆಂಟು ಹಿಂಬಾಗಿಲಿಂದ ನುಗ್ಗಿ ಅದನ್ನು ಸುಡುತ್ತದೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಬ್ರಷ್‌ಗೂ ಚಕ್ರಕ್ಕೂ ಮುಟ್ಟಿಸಿದಾಗ ಬೀಪ್ ಬಂತು. ಆ ಕೊಂಡಿ ಕತ್ತರಿಸಿ, ಸ್ಲೀವ್ ಹಾಕಿ, ಬೀಪ್ ನಿಂತ ಮೇಲೆಯೇ ಮುಂದಿನ ಕೆಲಸ.

ಎರಡನೆಯದು, ಮೋಟರು ಎಷ್ಟು ಎಳೆಯುತ್ತದೆ ಅಂತ. 12 ವೋಲ್ಟ್ ಕೊಟ್ಟು, ಮೋಟರನ್ನು ಒಂದು ಕ್ಷಣ ಬೆರಳಲ್ಲಿ ಹಿಡಿದು ನಿಲ್ಲಿಸಿ ಆಂಪಿಯರ್ ನೋಡಬೇಕು. ಚಿಪ್ಪಿನ ಮಿತಿ 1 ಆಂಪಿಯರ್ ಇತ್ತು. ನಮ್ಮ ಮೋಟರು ಅದಕ್ಕಿಂತ ಕಡಿಮೆಯೇ ತೋರಿಸಿತು.

ಆಮೇಲೆ ಕೆಂಪು, ಕಪ್ಪು ವೈರು ಹಳಿ ಕಡೆಗೆ. ಆರೆಂಜ್, ಬೂದು ವೈರು ಮೋಟರಿಗೆ. ಕರೆಂಟು ಮಿತವಾಗಿ ಬರುವ ಪ್ರೋಗ್ರಾಮಿಂಗ್ ಹಳಿಯ ಮೇಲೆ ಮೊದಲು ಇಟ್ಟೆವು. ಅಲ್ಲಿ ತಪ್ಪು ಗೊತ್ತಾದರೂ ಚಿಪ್ಪು ಸಾಮಾನ್ಯವಾಗಿ ಉಳಿಯುತ್ತದೆ. ಉತ್ತರ ಸರಿಯಾಗಿ ಬಂತು.

ದೊಡ್ಡ ಹಳಿಗೆ ಇಟ್ಟರೆ ಎಂಜಿನ್ ಒಂದು ಗೇಣು ಹೋಗಿ ನಿಂತಿತು. ಮತ್ತೆ ಜಗ್ಗಿತು, ಮತ್ತೆ ನಿಂತಿತು. "ಚಿಪ್ಪೇ ಡಮ್ಮಿ" ಅಂದ ಹುಡುಗ. ಪಂಪ್‌ಸೆಟ್ಟಿಗೆ ಹೊಸ ಸ್ಟಾರ್ಟರ್ ಹಾಕಿದ ಮರುದಿನ ಮೋಟರು ನಿಂತರೆ ನಾವೂ ಸ್ಟಾರ್ಟರನ್ನೇ ಬಯ್ಯುತ್ತೇವಲ್ಲ, ಹಾಗೆ.

ದೊಡ್ಡಪ್ಪ ಮಾತ್ರ "ದೀಪ ನೋಡ್ರೋ" ಅಂದರು. ಎಂಜಿನ್ ನಿಂತಾಗಲೆಲ್ಲ ಮುಂದಿನ ದೀಪವೂ ಆರುತ್ತಿತ್ತು. ದೀಪಕ್ಕೂ ಮೋಟರಿಗೂ ಕರೆಂಟು ಬರುವ ದಾರಿ ಒಂದೇ. ಎರಡೂ ಒಟ್ಟಿಗೆ ಸತ್ತರೆ ಹಳಿಯಿಂದಲೇ ಕರೆಂಟು ಒಳಗೆ ಬರುತ್ತಿಲ್ಲ ಅಂತ ಅರ್ಥ. ಚಕ್ರದ ಅಂಚಿನಲ್ಲಿ ವರ್ಷಗಳ ಕಪ್ಪು ಕೊಳೆ ಕೂತಿತ್ತು. ಮೊಬೈಲ್ ಬೋರ್ಡ್ ತೊಳೆಯುವ ಐಪಿಎ ದ್ರಾವಣದಲ್ಲಿ ಬಟ್ಟೆ ಅದ್ದಿ ಚಕ್ರ, ಹಳಿ ಎರಡನ್ನೂ ಒರೆಸಿದೆವು. ಉಪ್ಪುಕಾಗದ ಬೇಡ, ಅದು ಮಾಡುವ ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಈಗ ದೀಪ ಸ್ಥಿರ. ಆದರೂ ನಿಧಾನ ಹೋಗುವಾಗ ಸಣ್ಣ ಕುಲುಕು ಉಳಿಯಿತು. ದೀಪ ಉರಿಯುತ್ತಲೇ ಇದ್ದು ಮೋಟರು ಮಾತ್ರ ಕುಲುಕಿದರೆ ತೊಂದರೆ ಮೋಟರು, ಹಲ್ಲುಚಕ್ರ ಇಲ್ಲವೇ ಚಿಪ್ಪಿನ ಸೆಟ್ಟಿಂಗ್‌ನದು. ಚಕ್ರಕ್ಕೆ ವೈಟ್ನರ್‌ನಿಂದ ಒಂದು ಚುಕ್ಕೆ ಇಟ್ಟೆವು. ಚುಕ್ಕೆ ಮೇಲೆ ಬಂದಾಗಲೆಲ್ಲ ಒಂದು ಕುಲುಕು. ಸುತ್ತಿಗೊಂದು ಸಲ ಬರುವ ಕುಲುಕು ಸೆಟ್ಟಿಂಗ್‌ನದಾಗಿರೋದು ಕಷ್ಟ. ಬಿಚ್ಚಿ ನೋಡಿದರೆ ಹಲ್ಲುಚಕ್ರದ ಸಂದಿಯಲ್ಲಿ ಗಟ್ಟಿಯಾದ ಹಳೇ ಗ್ರೀಸು, ಅದರೊಳಗೆ ಒಂದು ನೂಲಿನ ಎಳೆ. ಸೂಜಿಯಿಂದ ಕೆದಕಿ ತೆಗೆದೆವು.

ಕೊನೆಗೆ ಸೆಟ್ಟಿಂಗ್. ಇದನ್ನು ಸಿವಿ ಅಂತಾರೆ. ಸಿವಿ 2 ಹೊರಡುವಾಗಿನ ವೋಲ್ಟ್, ಸಿವಿ 3 ವೇಗ ಏರುವ ನಿಧಾನ, ಸಿವಿ 4 ವೇಗ ಇಳಿಯುವ ನಿಧಾನ. ದೊಡ್ಡಪ್ಪ "ಇನ್ನೂ ನಿಧಾನ, ಇನ್ನೂ" ಅನ್ನುತ್ತಾ ಸಿವಿ 3 ಏರಿಸುತ್ತಲೇ ಹೋದರು. ಅವರು ಓಡಿಸಿದ ಡೀಸೆಲ್ ಎಂಜಿನ್ನಿಗೆ ಇದ್ದದ್ದು 8 ನಾಚ್. ಈ ಪುಟಾಣಿಗೆ 128 ಹಂತ. ಮೂರನೇ ಸಲಕ್ಕೆ ಎಂಜಿನ್ ಹೊರಟಿದ್ದೇ ನಮಗೆ ಗೊತ್ತಾಗಲಿಲ್ಲ. ದೊಡ್ಡಪ್ಪ ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

"ಹೊಸ ಡಿಸ್‌ಪ್ಲೇ ಹಾಕಿಸ್ಕೊಂಡೋರೂ ಹೀಗೇ ಅಕ್ಕ, ಆಮೇಲೆ ಚಾರ್ಜ್ ಆಗದಿದ್ರೂ ಡಿಸ್‌ಪ್ಲೇನೇ ಬಯ್ತಾರೆ" ಅಂತ ಹುಡುಗ ನಕ್ಕ. ಹೊಸ ಚಿಪ್ಪು ಕೊಳೆ ತರಲಿಲ್ಲ. ಒಳಗೆ ಮೊದಲೇ ಇದ್ದ ಕೊಳೆಯನ್ನು ತೋರಿಸಿತು ಅಷ್ಟೆ. ಹಳೇ ಪದ್ಧತಿಯಲ್ಲಿ ಎಂಜಿನ್ ಜೋರಾಗಿ ಎಗರಿ ಅದನ್ನೆಲ್ಲ ದಾಟಿಬಿಡುತ್ತಿತ್ತು.

ಈಗ ದೊಡ್ಡಪ್ಪ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ದೋಷ, ಮಾಡಿದ ಕೆಲಸ ಅಂತ ಗೆರೆ ಎಳೆದು ಬರೆದಿಡುತ್ತಾರೆ. ಮುಂದಿನ ಚಕ್ರ ಒರೆಸುವ ದಿನಕ್ಕೆ ನನ್ನ ಹೆಸರು ಹಾಕಿದ್ದಾರೆ.