ಹೂಲಿಯ ಗುಡಿ, ಮಾಸ್ತರರ ನೌಕರಿ

ಯಲ್ಲಮ್ಮನ ಗುಡ್ಡಕ್ಕೆ ಬರುವ ಜನಸಾಗರದಲ್ಲಿ ಹೂಲಿಯ ದಾರಿ ಹಿಡಿಯುವವರು ವಿರಳ. ಸವದತ್ತಿಯಿಂದ ಸುಮಾರು 9 ಕಿ.ಮೀ. ದೂರದಲ್ಲಿ, ಗುಡ್ಡದ ಮಗ್ಗುಲಿಗೆ ಇರುವ ಊರು ಇದು. ಕಲ್ಯಾಣ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿಯ ಕಂಬಗಳ ನಡುವೆ ಕಾಲಿಟ್ಟರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ. ಊರಲ್ಲಿ ಅಲ್ಲಲ್ಲಿ ಇನ್ನೂ ಹಲವು ಹಳೆಯ ಗುಡಿಗಳು, ಕೆಲವಂತೂ ತೀರ ಪಾಳು.

ಒಂದು ಹಳ್ಳಿಗೆ ಇಷ್ಟೊಂದು ಗುಡಿ ಏಕೆ? ಉತ್ತರ ಶಾಸನಗಳಲ್ಲಿದೆ. ಅವುಗಳಲ್ಲಿ ಇದರ ಹೆಸರು ಪೂಲಿ. ‘ಸಾಸಿರ್ವರು’, ಎಂದರೆ ಸಾವಿರ ಮಹಾಜನರು ಇದ್ದ ದೊಡ್ಡ ಅಗ್ರಹಾರ. ಅಗ್ರಹಾರಗಳೆಂದರೆ ಆ ಕಾಲದ ವಿದ್ಯಾಕೇಂದ್ರಗಳು.

ಅಂಥ ಕೇಂದ್ರಗಳಲ್ಲಿ ಗುರುಗಳ ನೇಮಕ ಹೇಗಿತ್ತೆಂಬುದಕ್ಕೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ಗುರುವಿಗೆ ಜಮೀನೂ ಮನೆಯೂ ದೊರೆತಿದ್ದವು. ದೀಪದೆಣ್ಣೆಗೇ ಬೇರೆ ಭೂಮಿ. ಊರಿನ ಮದುವೆ, ಮುಂಜಿಗಳಲ್ಲೂ ಶಾಲೆಗೆ ಕಾಣಿಕೆ ಸಲ್ಲಬೇಕಿತ್ತು. ಚಿತ್ತಾಪುರದ ಬಳಿಯ ನಾಗಾವಿ ಘಟಿಕಾಸ್ಥಾನದಲ್ಲಿ 1058ರಲ್ಲಿ ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಗುರುಗಳು. ಗ್ರಂಥ ಕಾಯಲು ಆರು ಜನ ಸರಸ್ವತೀ ಭಂಡಾರಿಕರು. ಅವರಿಗೂ ಜಮೀನು! ಪಾಠ ಹೇಳುವವ ಊರಲ್ಲೇ ನೆಲೆ ನಿಲ್ಲಲಿ ಎಂಬುದೇ ಈ ಏರ್ಪಾಡಿನ ಒಳಗುಟ್ಟು. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು.

ಇಂದು ಬಾಗಿಲೇನೋ ತೆರೆದಿದೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಪಡೆದು ನೆಟ್ ಅಥವಾ ಕೆ-ಸೆಟ್ ಪಾಸಾದ ಯಾವ ರೈತನ ಮಗಳೂ ಸಹಾಯಕ ಪ್ರಾಧ್ಯಾಪಕಿಯಾಗಲು ಅರ್ಹಳು. ಏಳನೆಯ ವೇತನ ಶ್ರೇಣಿಯಲ್ಲಿ ಆ ಹುದ್ದೆಯ ಆರಂಭದ ಮೂಲವೇತನ 57,700 ರೂಪಾಯಿ. ಆದರೆ ಸಣ್ಣ ಊರಿನ ಸರಕಾರಿ ಕಾಲೇಜಿನಲ್ಲಿ ಅನೇಕರ ಪಾಲಿಗೆ ಬರುವುದು ಅತಿಥಿ ಉಪನ್ಯಾಸಕರ ಕೆಲಸ. 2022ರಲ್ಲಿ ಸರಕಾರ ಅದರ ಗೌರವಧನವನ್ನು ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರ ರೂಪಾಯಿಗೆ ಏರಿಸಿತು. ವಾರಕ್ಕೆ 15 ಗಂಟೆ ಪಾಠ. ಮುಂದಿನ ವರ್ಷದ ಭರವಸೆ ಮಾತ್ರ ಇಲ್ಲ.

ನಗರ ಅಧ್ಯಯನದಂಥ ವಿಷಯಕ್ಕೆ ಇದು ಇನ್ನೂ ಕಷ್ಟ. ಪೇಟೆ ಹೇಗೆ ಬೆಳೆಯಿತು, ಕೆರೆ ಏಕೆ ಬತ್ತಿತು, ಸಂತೆಗೆ ಯಾವ ಯಾವ ಹಳ್ಳಿಯವರು ಬರುತ್ತಾರೆ – ಇದನ್ನು ಕಲಿಸುವವರು ಮೊದಲು ಆ ಊರಲ್ಲಿ ಹತ್ತು ವರ್ಷ ತಿರುಗಾಡಬೇಕು. ಬೆಳಿಗ್ಗೆ ಬಸ್ಸಿಳಿದು ಸಂಜೆ ಬಸ್ಸು ಹಿಡಿಯುವ ಮಾಸ್ತರರಿಗೆ ಊರು ಪರಿಚಯವಾಗುವುದೆಂದು?

ಪಾಠಕ್ಕೆ ಹೂಲಿಗಿಂತ ಒಳ್ಳೆಯ ಊರು ಬೇಕೆ? ಬೆಳೆದು, ಮೆರೆದು, ಮತ್ತೆ ಹಳ್ಳಿಯಾದ ಊರಿದು. ಸಂಜೆ ಗುಡಿಯ ಕಟ್ಟೆಯ ಮೇಲೆ ಹುಡುಗರು ಪುಸ್ತಕ ಹಿಡಿದು ಕೂತರೆ, ಎದುರಿಗೇ ಸಾವಿರ ವರ್ಷದ ಪಾಠವಿದೆ. ಅದನ್ನು ಬಿಡಿಸಿ ಹೇಳಲು ಇಲ್ಲೇ ನಿಲ್ಲುವ ಒಬ್ಬರು ಬೇಕು.