ಜಾಗ್ವಾರೋ, ಆಸ್ಟನ್ನೋ?

ನಮ್ಮವರು ನಿವೃತ್ತರಾದ ಮೇಲೆ ಅಡುಗೆಮನೆಯನ್ನು ದೊಡ್ಡದು ಮಾಡಿಸುವುದೆಂದು ನಾವು ಹತ್ತು ವರ್ಷಗಳಿಂದ ಮಾತಾಡಿಕೊಂಡು ಬಂದಿದ್ದೆವು. ಪಿಂಚಣಿಯ ಜೊತೆಗೆ ಒಂದೇ ಗಂಟಾಗಿ ಬರುವ ಹಣದಲ್ಲಿ ಹಿತ್ತಿಲ ಗೋಡೆ ಒಡೆದು, ದೊಡ್ಡ ಕಿಟಕಿ ಇಡಿಸಿ, ಕಿಟಕಿಯ ಕೆಳಗೆ ರುಬ್ಬುವ ಯಂತ್ರಕ್ಕೊಂದು ಕಟ್ಟೆ ಎಂದು ನಾನು ನಕ್ಷೆಯನ್ನೂ ಬರೆದಿಟ್ಟಿದ್ದೆ. ಹಣ ಬಂದ ವಾರ ಇವರು ಊಟಕ್ಕೆ ಕುಳಿತವರು, ಸಾರಿಗೆ ತುಪ್ಪ ಹಾಕಿಸಿಕೊಂಡು, ತಟ್ಟೆಯನ್ನೇ ನೋಡುತ್ತಾ, "ಒಂದು ಕಾರು ನೋಡೋಣವೇ?" ಎಂದರು.

"ಇರುವ ಕಾರಿಗೇನಾಗಿದೆ ರೀ?"

"ಅದು ಸಾಮಾನು ತರುವ ಕಾರು ಕಣೇ."

ಇನ್ನೊಂದು ಬಗೆಯ ಕಾರೂ ಇರುತ್ತದೆಂದು ನನಗೆ ಆಗ ಗೊತ್ತಾಯಿತು. 25 ಸಾವಿರ ಪೌಂಡು ಅದಕ್ಕೆಂದು ಮನಸ್ಸಿನಲ್ಲೇ ಎತ್ತಿಟ್ಟಿದ್ದರು. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ದೊಡ್ಡ ಮೊತ್ತ ಕೇಳಿದ ಕೂಡಲೇ ರೂಪಾಯಿಗೆ ತಿರುಗಿಸುವ ಚಟ ನನಗೆ ಹೋಗಿಲ್ಲ. ಇಪ್ಪತ್ತೈದು ಲಕ್ಷಕ್ಕೂ ಮೇಲಾಯಿತು. ಅದೂ ಹಳೆಯ ಕಾರಿಗೆ!

ಇವರ ಆಸೆಯ ಬೇರು ಎಲ್ಲಿದೆಯೆಂದು ಹೇಳದೆ ಹೋದರೆ ಇವರನ್ನು ನೀವು ತಪ್ಪು ತಿಳಿದೀರಿ. 1983ರಲ್ಲಿ ದಾವಣಗೆರೆಯಿಂದ ಓದಲು ಕಾವೆಂಟ್ರಿಗೆ ಬಂದಾಗ ಇವರಿಗೆ ಬಾಡಿಗೆ ಕೋಣೆ ಸಿಕ್ಕಿದ್ದು ಆಲ್ಸ್‌ಲಿಯಲ್ಲಿ. ಆಗ ಜಾಗ್ವಾರ್ ಕಾರ್ಖಾನೆ ಅಲ್ಲಿಯ ಬ್ರೌನ್ಸ್ ಲೇನ್‌ನಲ್ಲಿತ್ತು. ಬಸ್ಸಿಗೆ ಕಾಯುತ್ತಾ ನಿಂತರೆ ಹೊಸ ಕಾರುಗಳನ್ನು ಪರೀಕ್ಷೆಗೆಂದು ರಸ್ತೆಗೆ ತರುತ್ತಿದ್ದರಂತೆ. ಜೇಬಿನಲ್ಲಿ ಬಸ್ಸಿನ ಚಿಲ್ಲರೆ, ಕಣ್ಣಮುಂದೆ ಆ ಉದ್ದ ಮೂತಿಯ ಕಾರು. ನಾನು 1986ರಲ್ಲಿ ಮದುವೆಯಾಗಿ ಬಂದಾಗ ನಮ್ಮ ಹತ್ತಿರ ಇದ್ದದ್ದು ಮೂರು ಕೈ ದಾಟಿ ಬಂದ ಒಂದು ಆಸ್ಟಿನ್ ಮೆಟ್ರೊ. ಆಮೇಲೆ ಮಗಳ ಶಾಲೆ, ಮನೆಯ ಸಾಲ, ಊರಿಗೆ ವಿಮಾನದ ಖರ್ಚು. ಇವರು ಜಾಗ್ವಾರ್ ಎಂಬ ಮಾತನ್ನೇ ಎತ್ತಿರಲಿಲ್ಲ.

ಮೊದಲ ಹದಿನೈದು ದಿನ ನಾನು ಮುನಿಸಿಕೊಂಡೇ ಇದ್ದೆ. ಮಗಳು ಫೋನಿನಲ್ಲಿ, "ಅಮ್ಮ, ಅಪ್ಪನಿಗೆ ನೀನಾದರೂ ಬುದ್ಧಿ ಹೇಳು" ಎಂದಳು. ಹೇಳಬೇಕಾದರೆ ವಿಷಯ ತಿಳಿದಿರಬೇಕಲ್ಲ? ಇವರು ತಂದು ಗುಡ್ಡೆ ಹಾಕಿದ್ದ ಕಾರಿನ ಪತ್ರಿಕೆಗಳನ್ನು ಮಧ್ಯಾಹ್ನ ಇವರು ಮಲಗಿದಾಗ ಓದತೊಡಗಿದೆ. ಓದುತ್ತಾ ಓದುತ್ತಾ ಮುನಿಸು ಎತ್ತ ಹೋಯಿತೋ, ಲೆಕ್ಕ ಹಿಡಿಯಿತು.

ಹಳೆಯ ಐಷಾರಾಮಿ ಕಾರಿನಲ್ಲಿ ಒಂದು ಮೋಸವಿದೆ. ಆಸ್ಟನ್ ಮಾರ್ಟಿನ್‌ನವರ ವಿ8 ವ್ಯಾಂಟೇಜ್ ಎಂಬ ಕಾರು 2005ರಲ್ಲಿ ಬಂದಾಗ ಅದರ ಬೆಲೆ 80 ಸಾವಿರ ಪೌಂಡಿನ ಆಸುಪಾಸು. ಇಂದು ಅದರ ಮೂರನೆಯ ಒಂದು ಪಾಲಿಗೆ ಸಿಗುತ್ತದೆ. ನೋಡಿದವರು ಅಗ್ಗವೆಂದು ಬೀಳುತ್ತಾರೆ. ಆದರೆ ಬೆಲೆ ಇಳಿದದ್ದು ಕಾರಿಗೆ, ಅದರ ಬಿಡಿಭಾಗಗಳಿಗಲ್ಲ. ಬ್ರೇಕಿನ ತಟ್ಟೆಗೂ ಕ್ಲಚ್ಚಿಗೂ ಈಗಲೂ 80 ಸಾವಿರದ ಕಾರಿನ ದರವೇ. ಆನೆ ಅಗ್ಗಕ್ಕೆ ಸಿಕ್ಕಿತೆಂದು ಮೇವೂ ಅಗ್ಗಕ್ಕೆ ಸಿಕ್ಕೀತೆ? 25 ಸಾವಿರ ಇದ್ದರೆ 25 ಸಾವಿರದ ಕಾರು ಕೊಳ್ಳಬಾರದು, ನಾಲ್ಕೈದು ಸಾವಿರವನ್ನು ಮೊದಲೇ ಡಬ್ಬಿಯಲ್ಲಿ ಮುಚ್ಚಿಟ್ಟು ಉಳಿದದ್ದರಲ್ಲಿ ಹುಡುಕಬೇಕು ಎಂದು ನಾನು ಒಂದು ಸಂಜೆ ಹೇಳಿದಾಗ ಇವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅಂದಿನಿಂದ ಕಾರು ನೋಡಲು ಹೋಗುವಾಗ ನನ್ನನ್ನು ಬಿಟ್ಟು ಹೋಗಲಿಲ್ಲ.

ಮೊದಲು ನೋಡಿದ್ದು ಆಸ್ಟನ್ನಿನ ಡಿಬಿ7. ಈ ಡಿಬಿ ಎಂದರೆ ಡೇವಿಡ್ ಬ್ರೌನ್. ಆತ ಟ್ರ್ಯಾಕ್ಟರು ಮತ್ತು ಗೇರು ಚಕ್ರಗಳನ್ನು ಮಾಡುತ್ತಿದ್ದವನು, 1947ರಲ್ಲಿ ನಷ್ಟದಲ್ಲಿದ್ದ ಆಸ್ಟನ್ ಮಾರ್ಟಿನ್ ಕಂಪನಿಯನ್ನು ಕೊಂಡ. ಸಿನಿಮಾದಲ್ಲಿ ಜೇಮ್ಸ್ ಬಾಂಡ್ ಓಡಿಸಿದ ಕಾರಿನ ಮೇಲೆ ಇರುವುದು ಒಬ್ಬ ಟ್ರ್ಯಾಕ್ಟರಿನವನ ಹೆಸರಿನ ಮೊದಲಕ್ಷರಗಳು ಎಂದು ತಿಳಿದಾಗ ನನಗೆ ಆ ಕಾರಿನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು. ಡಿಬಿ7 ಮಾಡುವ ಹೊತ್ತಿಗೆ ಆಸ್ಟನ್ನೂ ಜಾಗ್ವಾರೂ ಅಮೆರಿಕದ ಫೋರ್ಡ್ ಕೈಯಲ್ಲಿದ್ದವು. ಹಣ ಕಡಿಮೆ. ಹಾಗಾಗಿ ಜಾಗ್ವಾರಿನ ಹಳೆಯ ಎಕ್ಸ್‌ಜೆಎಸ್ ಕಾರಿನ ಅಡಿಪಾಯವನ್ನು ತಿದ್ದಿ ಅದರ ಮೇಲೆ ಇದನ್ನು ಕಟ್ಟಿದರು. ಹಿಂದಿನ ಕೆಂಪು ದೀಪಗಳನ್ನು ಮಾಜ್ಡಾ ಎಂಬ ಜಪಾನಿ ಕಾರಿನಿಂದ ತಂದರು. ಹೋಳಿಗೆಗೆ ತೊಗರಿಬೇಳೆ ಸಾಲದೆ ಪಕ್ಕದ ಮನೆಯಿಂದ ಒಂದು ಬಟ್ಟಲು ತಂದ ಹಾಗೆ. ಆದರೂ 1993ರಲ್ಲಿ ಜಿನೀವಾದಲ್ಲಿ ತೋರಿಸಿದಾಗ ಎಲ್ಲರೂ ಸುಂದರಿ ಎಂದರು. ನಿಜಕ್ಕೂ ಸುಂದರಿಯೇ.

ನಮ್ಮಮ್ಮ ಸೀರೆ ಕೊಳ್ಳುವಾಗ ಅಂಗಡಿಯವನು ಸೆರಗು ಹರಡಿ ತೋರಿಸಿದರೆ ಅದನ್ನು ನೋಡುತ್ತಲೇ ಇರಲಿಲ್ಲ. ಸೀರೆಯನ್ನು ಮಗುಚಿ ಹಿಂಬದಿಯ ಎಳೆ ನೋಡುತ್ತಿದ್ದರು. ನಾನೂ ಜೊತೆಗೆ ಬಂದಿದ್ದ ಮೆಕ್ಯಾನಿಕ್ಕನಿಗೆ, "ಕೆಳಗೆ ನೋಡಿ" ಎಂದೆ. ಡಿಬಿ7ರದು ಉಕ್ಕಿನ ಮೈ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಕಾರಿನ ಹೊಟ್ಟೆಯನ್ನು ತಿನ್ನುತ್ತದೆ. ಆತ ಕಾರಿನಡಿಯಿಂದ ಎದ್ದು ಬಂದು ಅಂಗೈ ತೋರಿಸಿದ. ಕಂದು ಪುಡಿ. ಯಾರೋ ಅದರ ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ಚಹಾ ಕೂಡ ಕುಡಿಯದೆ ಹೊರಟೆವು.

ಎರಡನೆಯದು ವ್ಯಾಂಟೇಜ್. ಇದು ಅಲ್ಯೂಮಿನಿಯಮ್ಮಿನ ಚೌಕಟ್ಟಿನದು, ಆ ತುಕ್ಕಿನ ಭಯವಿಲ್ಲ. ಬಣ್ಣದಡಿ ಅಲ್ಲಲ್ಲಿ ಗುಳ್ಳೆ ಏಳಬಹುದು, ಅಷ್ಟೆ. ಎಂಜಿನ್ 4.3 ಲೀಟರಿನದು, ಮೂಲದಲ್ಲಿ ಜಾಗ್ವಾರಿನ ವಿ8. ಅದನ್ನು ಜೋಡಿಸಿದ್ದು ಜರ್ಮನಿಯ ಕಲೋನಿನಲ್ಲಿ, ಕಾರು ಕಟ್ಟಿದ್ದು ನಮ್ಮ ಮನೆಯಿಂದ ಬಹಳ ದೂರವಲ್ಲದ ಗೇಡನ್‌ನಲ್ಲಿ. ವ್ಯಾಪಾರಿ ಕೀಲಿ ತಿರುಗಿಸಿದಾಗ ಬಂದ ಸದ್ದಿಗೆ ಇವರ ಮುಖ ಹೇಗಾಯಿತೆಂದರೆ, ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನೋಡಿದ್ದೆ, ಆಮೇಲೆ ನೋಡಿರಲಿಲ್ಲ. ನಾನು ಆ ಹೊತ್ತಿನಲ್ಲಿ ಬಿಲ್ಲುಗಳ ಫೈಲು ಬಿಡಿಸುತ್ತಾ ಕುಳಿತಿದ್ದೆ. ಮೂರು ವರ್ಷದ ರಸೀದಿಗಳೇ ಇರಲಿಲ್ಲ. ಕಾರು 38 ಸಾವಿರ ಮೈಲಿ ಓಡಿದ್ದರೂ ಕ್ಲಚ್ ಬದಲಿಸಿದ ಗುರುತಿಲ್ಲ. ಈ ಕಾರಿನಲ್ಲಿ ಎಂಜಿನ್ ಮುಂದೆ, ಗೇರುಪೆಟ್ಟಿಗೆ ಹಿಂದೆ. ಕ್ಲಚ್ ಹಾಕುವುದು ಸಣ್ಣ ಕೆಲಸವಲ್ಲ, ಕೆಲವು ಸಾವಿರ ಪೌಂಡಿನ ಬಾಬತ್ತು. ಕೇಳಿದರೆ ಆತ, "ಮೇಡಂ, ಇಂಥ ಕಾರು ಕೊಳ್ಳುವವರು ಇದನ್ನೆಲ್ಲ ಕೇಳುವುದಿಲ್ಲ" ಎಂದ. ಇದನ್ನೆಲ್ಲ ಕೇಳದವರೇ ಅದನ್ನು ಅವನಿಗೆ ಮಾರಿ ಹೋಗಿರಬೇಕು.

ತೆರಿಗೆಯಲ್ಲೂ ಒಂದು ವಿಚಿತ್ರವಿದೆ. 2006ರ ಮಾರ್ಚ್ 23ಕ್ಕೆ ಮೊದಲು ನೋಂದಣಿಯಾದ ಇಂಥ ಕಾರಿಗೆ ರಸ್ತೆ ತೆರಿಗೆ ಕಡಿಮೆ, ಆಮೇಲಿನದಕ್ಕೆ ವರ್ಷಕ್ಕೆ ಮುನ್ನೂರು ಪೌಂಡಿಗೂ ಹೆಚ್ಚು ಅಧಿಕ. ಅದೇ ಕಾರು, ಅದೇ ಹೊಗೆ. ಎರಡು ತಿಂಗಳು ತಡವಾಗಿ ಹುಟ್ಟಿದ್ದಕ್ಕೆ ಆಯುಷ್ಯವಿಡೀ ದಂಡ. ಇದು ತಿಳಿದ ಮೇಲೆ ನಾನು ಪ್ರತಿ ಜಾಹೀರಾತಿನಲ್ಲೂ ಮೊದಲು ನೋಂದಣಿಯ ತಾರೀಖು ನೋಡುತ್ತಿದ್ದೆ. ಈ ದೇಶದಲ್ಲಿ ಮೂರು ವರ್ಷ ದಾಟಿದ ಕಾರಿಗೆ ವರ್ಷಕ್ಕೊಮ್ಮೆ ಎಂಓಟಿ ಎಂಬ ಪರೀಕ್ಷೆ ಆಗಬೇಕು. ಪಾಸೋ ಫೇಲೋ, ಎಷ್ಟು ಮೈಲಿ ಓಡಿದೆ ಎಲ್ಲವನ್ನೂ ನೋಂದಣಿ ಸಂಖ್ಯೆ ಕೊಟ್ಟು ಯಾರು ಬೇಕಾದರೂ ಬಿಟ್ಟಿ ನೋಡಬಹುದು. ಮಾರುವವನು ಎಷ್ಟು ಸಿಹಿಯಾಗಿ ಮಾತಾಡಿದರೂ ಆ ಪಟ್ಟಿ ಸುಳ್ಳು ಹೇಳುವುದು ಕಷ್ಟ.

ವ್ಯಾಂಟೇಜ್ ನೋಡಿ ಬರುವಾಗ ಇವರು ದಾರಿಯುದ್ದಕ್ಕೂ ಮಾತಾಡಲಿಲ್ಲ. "ಇನ್ನೊಂದು ವರ್ಷ ಕಾದರೆ ಒಳ್ಳೆಯದು ಸಿಗಬಹುದು" ಎಂದೆ. "ಇನ್ನೊಂದು ವರ್ಷವೇ?" ಎಂದರು. ನಾನು ಬಾಯಿ ಮುಚ್ಚಿಕೊಂಡೆ. ರಾತ್ರಿ ಇವರ ಕಣ್ಣಿಗೆ ಔಷಧಿ ಬಿಡುವವಳು ನಾನೇ. ಗ್ಲಾಕೋಮಾ, ಎರಡೂ ಕಣ್ಣಿಗೆ. ಅದು ಅಂಚಿನಿಂದ ದೃಷ್ಟಿಯನ್ನು ಸವೆಸುತ್ತಾ ಬರುವ ಕಾಯಿಲೆ, ಹೋದದ್ದು ಹಿಂದೆ ಬರುವುದಿಲ್ಲ. ಎರಡೂ ಕಣ್ಣಿಗಿದ್ದರೆ ಇಲ್ಲಿ ಪರವಾನಗಿ ಕಚೇರಿಗೆ ತಿಳಿಸಲೇಬೇಕು. ಇವರು ತಿಳಿಸಿದ್ದರು, ದೃಷ್ಟಿಯ ಹರವಿನ ಪರೀಕ್ಷೆಯಲ್ಲಿ ಪಾಸಾಗಿದ್ದರು. ಮುಂದಿನ ಸಲದ ಮಾತನ್ನು ನಾವಿಬ್ಬರೂ ಆಡುತ್ತಿರಲಿಲ್ಲ. ಸಾರಿಗೆ ತುಪ್ಪ ಹಾಕಿಸಿಕೊಂಡ ಆ ದಿನ ಇವರು ತಟ್ಟೆಯಿಂದ ಯಾಕೆ ತಲೆ ಎತ್ತಲಿಲ್ಲವೆಂಬುದು ಕಾರಿನಲ್ಲಿ ಪಕ್ಕದಲ್ಲಿ ಕುಳಿತಿದ್ದಾಗ ನನಗೆ ಹೊಳೆಯಿತು.

ಆ ರಾತ್ರಿ ನಾನೇ ಹೇಳಿದೆ: "ಆ ವ್ಯಾಂಟೇಜನ್ನೇ ತಗೊಳ್ಳಿ. ಕ್ಲಚ್ಚಿಗೆ ಅಡುಗೆಮನೆಯ ದುಡ್ಡಿದೆ." ಇವರು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಮೂರನೆಯ ಕಾರು ಜಾಗ್ವಾರ್ ಎಕ್ಸ್‌ಕೆಆರ್, 2011ರದು, 5 ಲೀಟರಿನ ಎಂಜಿನ್ನು, ಐನೂರು ಕುದುರೆಯ ಶಕ್ತಿ. ಬೆಲೆ ನಮ್ಮ ಡಬ್ಬಿಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು. ಮಾರುವವರು ಒಬ್ಬ ವಯಸ್ಸಾದ ಹೆಂಗಸು, ಕಾರು ತೀರಿಹೋದ ಗಂಡನದು. ಇವರು ಮೆಕ್ಯಾನಿಕ್ಕನ ಜೊತೆ ಹೊರಗಿದ್ದಾಗ ಆಕೆ ನನ್ನನ್ನು ಅಡುಗೆಮನೆಗೆ ಕರೆದು ಫೈಲು ಮುಂದಿಟ್ಟರು. ಒಂದೊಂದು ಬಿಲ್ಲಿನ ಮೇಲೂ ಸಣ್ಣ ಅಕ್ಷರದಲ್ಲಿ ತಾರೀಖು, ಮೈಲಿ, ಏನು ಮಾಡಿದರು, ಯಾಕೆ ಮಾಡಿದರು ಎಂದು ಬರೆದಿತ್ತು. ಈ 5 ಲೀಟರ್ ಎಂಜಿನ್ನಿನ ಮೊದಲ ವರ್ಷಗಳ ಕಾರುಗಳಲ್ಲಿ ಟೈಮಿಂಗ್ ಚೈನಿನ ತೊಂದರೆ ಬರುವುದುಂಟು. ತಣ್ಣಗಿರುವಾಗ ಶುರುಮಾಡಿದರೆ ಲಟಲಟ ಎನ್ನುತ್ತದೆ, ಅಲಕ್ಷ್ಯ ಮಾಡಿದರೆ ಎಂಜಿನ್ನಿಗೇ ಕುತ್ತು. ಆ ಕೆಲಸ ಮಾಡಿಸಿದ ಬಿಲ್ಲೂ ಅಲ್ಲಿತ್ತು, ನೀರಿನ ಪಂಪಿನದೂ ಇತ್ತು. ಬರೆದವರನ್ನು ನಾನು ಕಂಡಿರಲಿಲ್ಲ, ಆದರೆ ಫೈಲು ಮುಚ್ಚುವ ಹೊತ್ತಿಗೆ ಪರಿಚಯವಾದ ಹಾಗಿತ್ತು.

"ನೀವು ಓಡಿಸುತ್ತಿದ್ದಿರಾ?" ಎಂದು ಕೇಳಿದೆ.

"ಇಲ್ಲ. ಅದು ಅವರ ಕಾರು" ಎಂದರು ಆಕೆ. ಗಂಡ ಹೋದ ಮೇಲೆ ಎಂಟು ತಿಂಗಳು ಅದು ಗ್ಯಾರೇಜಿನಲ್ಲೇ ಇತ್ತಂತೆ. ಬ್ಯಾಟರಿಗೆ ಚಾರ್ಜು ಹಾಕುವುದನ್ನು ಮಾತ್ರ ಮರೆತಿರಲಿಲ್ಲ. ಅದನ್ನು ಹೇಗೆ ಹಾಕುವುದೆಂದು ಗಂಡ ಒಂದು ಚೀಟಿ ಬರೆದಿಟ್ಟಿದ್ದರು.

ವಾಪಸು ಬಂದು ಲೆಕ್ಕಕ್ಕೆ ಕುಳಿತೆವು. ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಕಡೆ ವ್ಯಾಂಟೇಜ್, ಇನ್ನೊಂದು ಕಡೆ ಎಕ್ಸ್‌ಕೆಆರ್. ಪೆಟ್ರೋಲು ಎರಡೂ ಕುಡಿಯುತ್ತವೆ, ಅದರಲ್ಲಿ ಆರಿಸುವಂಥದ್ದೇನಿಲ್ಲ. ತೆರಿಗೆಯೂ ಸಮಸಮ, ಎರಡೂ ಆ ಮಾರ್ಚಿನ ಆಮೇಲಿನವು. ಹೆಸರಿನಲ್ಲಿ ಆಸ್ಟನ್ ಮೇಲು, ಮುಂದೆ ಮಾರುವಾಗ ಅದರ ಬೆಲೆಯೇ ನಿಲ್ಲುತ್ತದೆ ಎನ್ನುತ್ತಾರೆ ಬಲ್ಲವರು. ನಾನು ಇದನ್ನು ದೊಡ್ಡದಾಗಿ ಬರೆದೆ. ಇವರು ಪೆನ್ನು ತೆಗೆದುಕೊಂಡು ವ್ಯಾಂಟೇಜಿನ ಕೆಳಗೆ, "ಕ್ಲಚ್ ಬಿಗಿ" ಎಂದು ಬರೆದರು.

"ಬದಲಿಸಿದರೆ ಸರಿಹೋಗುತ್ತದಲ್ಲ."

"ಬದಲಿಸಿದರೂ ನಿನ್ನ ಮೊಣಕಾಲಿಗೆ ಆಗದು. ಜಾಗ್ವಾರ್ ಆಟೊಮ್ಯಾಟಿಕ್" ಎಂದರು. ನನ್ನ ಎಡಗಾಲಿನ ನೋವನ್ನು ಇವರು ಮೊದಲಿನಿಂದಲೂ ಲೆಕ್ಕದಲ್ಲಿ ಹಿಡಿದಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿ ಬಂದೆ.

ಹೀಗೆ ಜಾಗ್ವಾರ್ ಬಂತು. ಊರಿಗೆ ಫೋನು ಮಾಡಿ ಹೇಳಿದರೆ ನನ್ನ ತಮ್ಮ, "ಅಕ್ಕ, 2008ರಿಂದ ಅದು ಟಾಟಾ ಅವರದು. ಟಾಟಾ ಕಾರು ಕೊಳ್ಳಲು ಇಂಗ್ಲೆಂಡಿಗೆ ಹೋಗಬೇಕಿತ್ತಾ?" ಎಂದು ನಕ್ಕ. ಅವನ ಮಾತು ನಿಜ. ನಮ್ಮ ಕಾರು ತಯಾರಾದದ್ದು ಬರ್ಮಿಂಗ್‌ಹ್ಯಾಮಿನ ಕ್ಯಾಸಲ್ ಬ್ರಾಮಿಚ್‌ನಲ್ಲಿ, ಯುದ್ಧಕಾಲದಲ್ಲಿ ಸ್ಪಿಟ್‌ಫೈರ್ ವಿಮಾನ ಮಾಡುತ್ತಿದ್ದ ಕಾರ್ಖಾನೆಯಲ್ಲಿ. ಅಲ್ಲಿ ಜಾಗ್ವಾರ್ ತಯಾರಿಕೆ 2024ರಲ್ಲಿ ನಿಂತಿತು. ಬ್ರೌನ್ಸ್ ಲೇನ್ ಅದಕ್ಕೂ ಎಷ್ಟೋ ಮೊದಲೇ ಹೋಗಿತ್ತು.

ಮೊದಲ ವಾರ ಇವರು ಓಡಿಸಿದರು, ಎರಡನೆಯ ವಾರ ನನ್ನನ್ನು ಕೂರಿಸಿದರು. ಶುರುವಿನ ಗುಂಡಿ ಒತ್ತಿದರೆ ನಡುವಿನಿಂದ ಒಂದು ದುಂಡು ಬಿರಡೆ ಎದ್ದು ಬರುತ್ತದೆ, ರೇಡಿಯೋದ ಬಿರಡೆಯ ಹಾಗೆ ಅದನ್ನು ತಿರುಗಿಸಿದರೆ ಗೇರು. ಅಷ್ಟು ದೊಡ್ಡ ಎಂಜಿನ್ನಿಗೆ ಇಷ್ಟು ಸಣ್ಣ ಕೆಲಸ. ಕಾಲು ಸ್ವಲ್ಪ ಒತ್ತಿದ್ದೇ ತಡ ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದ ಹಾಗಾಯಿತು. ನಾನು "ಅಯ್ಯೋ" ಎಂದೆ, ಇವರು ನಕ್ಕರು, ನಾನು ಇನ್ನೊಮ್ಮೆ ಒತ್ತಿದೆ.

ತಿಂಗಳಾದ ಮೇಲೆ ಆ ಮನೆಯಾಕೆಗೆ ಫೋನು ಮಾಡಿ, ಭಾನುವಾರ ಬರುತ್ತೇವೆ, ಒಂದು ಸುತ್ತು ಹೋಗೋಣ ಎಂದೆ. ನಾನೇ ಓಡಿಸಿಕೊಂಡು ಹೋದೆ. ಸದ್ದು ಕೇಳಿ ಆಕೆ ಆಗಲೇ ಗೇಟಿನ ಹತ್ತಿರ ಬಂದು ನಿಂತಿದ್ದರು, ಕೈಯಲ್ಲಿ ಕೇಕಿನ ಡಬ್ಬಿ. ನನ್ನನ್ನು ಚಾಲಕರ ಸೀಟಿನಲ್ಲಿ ನೋಡಿ ಒಂದು ಕ್ಷಣ ಸುಮ್ಮನಾದರು. ಮುಂದಿನ ಸೀಟು ಅವರಿಗೆ ಬಿಟ್ಟುಕೊಡಬೇಕಲ್ಲ. ಆ ಕಾರಿನ ಹಿಂದಿನ ಸೀಟು ಹೆಸರಿಗೆ ಮಾತ್ರ, ಅಲ್ಲಿ ತರಕಾರಿ ಚೀಲವೇ ಮುದುರಿ ಕೂರಬೇಕು. ನಮ್ಮವರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು, ಕೇಕಿನ ಡಬ್ಬಿಯನ್ನು ತಲೆಯ ಮೇಲೆ ಹಿಡಿದುಕೊಂಡು ಹಿಂದೆ ಕುಳಿತರು. "ನಿಧಾನ, ಎಡಗಡೆ ಸೈಕಲ್ ಇದೆ" ಎಂದು ಅಲ್ಲಿಂದಲೇ ಹೇಳಿದರು. ನಾನು ಅದನ್ನು ನೋಡಿರಲೇ ಇಲ್ಲ.